ಸೆಲ್ಫ್ ಬದಲಿಸುವ ಮೊದಲು ವೋಲ್ಟ್ ಅಳೆಯಿರಿ

ಪ್ರಶ್ನೆ: ನಾನು ಕೋಡಿಂಬಾಳದವನು, ಬೆಂಗಳೂರಿನಲ್ಲಿ ವಿಮಾನ ನಿರ್ವಹಣೆ ಕಲಿಯುತ್ತಿದ್ದೇನೆ. ತರಬೇತಿಯ ಹ್ಯಾಂಗರಿನಲ್ಲಿ ಹಳೆಯ ಸೆಸ್ನಾ 172 ಒಂದಿದೆ, ಲೈಕಮಿಂಗ್ ಎಂಜಿನ್. ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತದೆ. ಒಂದು ಸುತ್ತು ಹಾರಿ ಬಂದ ಮೇಲೆ ಸ್ಟಾರ್ಟರ್ ಮೋಟಾರು ಎಳೆಯುವುದೇ ಇಲ್ಲ. ಪ್ರೆಸ್ಟೊಲೈಟ್‌ನ ಹಳೆಯದನ್ನು ತೆಗೆದು ಹಗುರವಾದದ್ದು ಹಾಕೋಣ ಎಂಬ ಚರ್ಚೆ ನಡೆದಿದೆ. ಯಾವುದು ಒಳ್ಳೆಯದು?
— ಒಬ್ಬ ವಿದ್ಯಾರ್ಥಿ

ಉತ್ತರ: ತಪ್ಪು ಸ್ಟಾರ್ಟರಿನದೇ ಎಂದು ತೀರ್ಮಾನವಾದದ್ದು ಹೇಗೆ? ಅದನ್ನು ನೀವು ಬರೆದಿಲ್ಲ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಕಂಬಗಳ ನಡುವೆ ಒಮ್ಮೆ, ಸ್ಟಾರ್ಟರಿನ ಟರ್ಮಿನಲ್ ಮತ್ತು ಅದರ ಮೈಯ ನಡುವೆ ಇನ್ನೊಮ್ಮೆ ವೋಲ್ಟ್ ಅಳೆಯಿರಿ. ಮೀಟರಿನ ವೈರು ಉದ್ದವಿರಲಿ, ನೀವು ಪ್ರೊಪೆಲ್ಲರಿನಿಂದ ದೂರವಿರಿ, ಪಕ್ಕದಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ಇರಲಿ. ಹನ್ನೆರಡು ವೋಲ್ಟಿನ ವಿಮಾನದಲ್ಲಿ ಎರಡು ಅಳತೆಗಳ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಕಳ್ಳ ದಾರಿಯಲ್ಲಿದ್ದಾನೆ: ಕಾಂಟ್ಯಾಕ್ಟರ್, ಕೇಬಲ್, ಇಲ್ಲವೇ ಎಂಜಿನ್ನಿಗೂ ಚೌಕಟ್ಟಿಗೂ ನಡುವಿನ ಅರ್ತಿಂಗ್ ಪಟ್ಟಿ. ಕರಾವಳಿಯಲ್ಲಿ ಮಳೆಗಾಲ ಕಳೆದ ವಿಮಾನವಾದರೆ ನಾನು ಮೊದಲು ಬಿಚ್ಚುವುದು ಅರ್ತಿಂಗ್ ಪಟ್ಟಿಯನ್ನೇ. ಹಳೆಯ ಪೈಪರ್ ವಿಮಾನಗಳಲ್ಲಿ ಅಲ್ಯೂಮಿನಿಯಂ ಕೇಬಲ್ ಇತ್ತು. ಅವುಗಳಲ್ಲಿ ಹೊಸ ಸ್ಟಾರ್ಟರ್ ಹಾಕಿಯೂ ನರಳಾಟ ನಿಲ್ಲದೆ ಹಣ ಕಳೆದುಕೊಂಡವರು ಬಹಳ. ಮೋಟಾರು ಗಿರ್ರೆಂದು ತಿರುಗಿಯೂ ಪ್ರೊಪೆಲ್ಲರ್ ಅಲುಗದಿದ್ದರೆ ಅದು ಬೆಂಡಿಕ್ಸ್, ಅಂದರೆ ಸ್ಟಾರ್ಟರಿನ ಗೇರನ್ನು ಮುಂದೆ ತಳ್ಳುವ ಭಾಗ, ಅಂಟಿಕೊಂಡ ಕಥೆ. ಅದಕ್ಕೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಇನ್ನಷ್ಟು ಕೆಡುತ್ತದೆ. ತೊಳೆದು ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು.

ವೋಲ್ಟ್ ಸರಿಯಾಗಿ ತಲುಪಿಯೂ ಬಿಸಿಯಲ್ಲಿ ಎಳೆಯುವುದಿಲ್ಲವೆಂದರೆ ಸ್ಟಾರ್ಟರಿಗೆ ವಯಸ್ಸಾಗಿದೆ, ಬದಲಿಸಿ. ಆಗ ಮೊದಲ ಕೆಲಸ ಪ್ರೊಪೆಲ್ಲರಿನ ಹಿಂದಿನ ರಿಂಗ್ ಗೇರಿನ ಹಲ್ಲು ಎಣಿಸುವುದು. ಲೈಕಮಿಂಗ್‌ನಲ್ಲಿ 122 ಇರುತ್ತದೆ, ಇಲ್ಲವೇ 149. ಒಂದಕ್ಕೆ ಮಾಡಿದ ಸ್ಟಾರ್ಟರ್ ಇನ್ನೊಂದರ ಹಲ್ಲು ತಿನ್ನುತ್ತದೆ. ಆಮೇಲೆ ವೋಲ್ಟ್: ಸೆಸ್ನಾ 172 ವಿಮಾನಗಳು 1978ರ ಮಾದರಿಯಿಂದೀಚೆಗೆ 24 ವೋಲ್ಟಿನವು, ಅದಕ್ಕಿಂತ ಹಳೆಯವು 12.

ಇನ್ನು ನಿಮ್ಮ ಚರ್ಚೆಯ ವಿಷಯ. ಹಳೆಯ ಪ್ರೆಸ್ಟೊಲೈಟ್ ಸುಮಾರು 8 ಕಿಲೋ ತೂಗುತ್ತದೆ, ಹೊಸವು ಅದರ ಅರ್ಧ. ತೂಕ ಉಳಿಯುತ್ತದೆ ಎಂಬ ಆಸೆಯೊಂದರಿಂದಲೇ ಕೊಳ್ಳುವವರಿದ್ದಾರೆ, ನನಗೆ ಅದು ಅಷ್ಟು ದೊಡ್ಡ ಕಾರಣ ಅನಿಸುವುದಿಲ್ಲ. ನೋಡಬೇಕಾದದ್ದು ಎಂಜಿನ್ ಹಿಂದಕ್ಕೆ ಒದೆಯುತ್ತದೆಯೇ ಎಂದು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋದಲ್ಲಿ ಆ ಕಿಡಿಯನ್ನು ತಡಮಾಡುವ ಇಂಪಲ್ಸ್ ಕಪ್ಲಿಂಗ್ ಸವೆದಿದ್ದರೆ ಅಥವಾ ಟೈಮಿಂಗ್ ಮುಂದೆ ಸರಿದಿದ್ದರೆ, ಪಿಸ್ಟನ್ ಪೂರ್ತಿ ಮೇಲೇರುವ ಮೊದಲೇ ಕಿಡಿ ಹಾರಿ ಪ್ರೊಪೆಲ್ಲರ್ ಹಿಮ್ಮುಖ ತಿರುಗುತ್ತದೆ. ಹಗುರ ಸ್ಟಾರ್ಟರಿನ ಮೂತಿ ಬಿರುಕು ಬಿಡುವುದು ಆ ಒಂದು ಒದೆತಕ್ಕೆ. ಕೆಲವು ಮಾದರಿಗಳಲ್ಲಿ ಆ ಏಟಿಗೆ ತಾನು ತುಂಡಾಗಿ ಉಳಿದದ್ದನ್ನು ಕಾಯುವ ಪಿನ್ ಇರುತ್ತದೆ. ಶಾಶ್ವತ ಅಯಸ್ಕಾಂತದ ಸ್ಟಾರ್ಟರ್ ಹಗುರ, ಆದರೆ ಆರಂಭದಲ್ಲಿ ಹೆಚ್ಚು ಕರೆಂಟ್ ಎಳೆಯುತ್ತದೆ. ಫೀಲ್ಡ್ ಸುರುಳಿಯದು ಸ್ವಲ್ಪ ಭಾರ, ಬಡಕಲು ಬ್ಯಾಟರಿಯ ಮೇಲೆ ಕರುಣೆ ಹೆಚ್ಚು. ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡುವ ತರಬೇತಿ ವಿಮಾನಕ್ಕೆ ನನ್ನ ಮತ ಸುರುಳಿಗೆ. ಹಾಗೆಂದು ಮ್ಯಾಗ್ನೆಟೋ ನೋಡದೆ ಎರಡರಲ್ಲಿ ಯಾವುದನ್ನೂ ಕೂರಿಸಬೇಡಿ.

ಯಾವುದೇ ಆದರೂ ನಿಮ್ಮ ಎಂಜಿನ್ ಮತ್ತು ವಿಮಾನದ ಮಾದರಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಒಪ್ಪಿದ ಭಾಗವಾಗಿರಬೇಕು, ಬಿಡುಗಡೆ ಪ್ರಮಾಣಪತ್ರ ಜೊತೆಗಿರಬೇಕು. ವಿಮಾನದ ಮೂತಿಯ ತೂಕ ಇಳಿದದ್ದು ತೂಕ–ಸಮತೋಲದ ಲೆಕ್ಕದಲ್ಲಿ ದಾಖಲಾಗಬೇಕು. ಹಾಕಿದ ಮೇಲೂ ಹತ್ತು ಸೆಕೆಂಡ್ ತಿರುಗಿಸಿ ಇಪ್ಪತ್ತು ಸೆಕೆಂಡ್ ಬಿಡುವು ಕೊಡಿ. ಹೀಗೆ ಮೂರು ಸಲವಾದರೆ ಹತ್ತು ನಿಮಿಷ ವಿಶ್ರಾಂತಿ. ಇದು 172 ಎಸ್ ಮಾದರಿಯ ಕೈಪಿಡಿಯ ಮಾತು. ಅವಸರದ ವಿದ್ಯಾರ್ಥಿಗಳು ಪಾಲಿಸುವುದಿಲ್ಲ, ಎಷ್ಟೋ ಸ್ಟಾರ್ಟರುಗಳು ಸಾಯುವುದು ಅದಕ್ಕೇ.

ಪ್ರಶ್ನೆ: ಮಾರಾಯ್ರೆ, ನಮ್ಮ ಜೀಪಿನ ಸೆಲ್ಫ್ ಹೋದರೆ ಕಡಬದ ಗ್ಯಾರೇಜಿನಲ್ಲಿ ಕಾರ್ಬನ್ ಬ್ರಷ್ ಹಾಕಿ ಅದೇ ದಿನ ಕೊಡುತ್ತಾರೆ. ವಿಮಾನದ್ದನ್ನೂ ಹಾಗೆ ಮಾಡಿದರೆ ಆಗುವುದಿಲ್ಲವೇ?
— ಒಬ್ಬ ಅಡಿಕೆ ಕೃಷಿಕರು, ಕೋಡಿಂಬಾಳ

ಉತ್ತರ: ಒಳಗಿನ ವಿದ್ಯೆ ಒಂದೇ, ನಿಮ್ಮ ಗ್ಯಾರೇಜಿನವರಿಗೆ ಬಿಚ್ಚಿ ಜೋಡಿಸಲು ಖಂಡಿತ ಬರುತ್ತದೆ. ಒಂದು ತಮಾಷೆ ಏನೆಂದರೆ, ಆಕಾಶದಲ್ಲಿ ಸೆಲ್ಫ್ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಎಂಜಿನ್ ನಿಂತರೂ ಗಾಳಿಯೇ ಪ್ರೊಪೆಲ್ಲರನ್ನು ತಿರುಗಿಸುತ್ತಿರುತ್ತದೆ. ಭಯ ಬೇರೆಯದು. ಸ್ಟಾರ್ಟ್ ಆದ ಮೇಲೆ ಸ್ಟಾರ್ಟರಿನ ಗೇರು ಹಿಂದೆ ಸರಿಯದೆ ಕಚ್ಚಿಕೊಂಡರೆ, ಎಂಜಿನ್ ಅದನ್ನು ತನ್ನ ವೇಗದ ಎಷ್ಟೋ ಪಟ್ಟು ತಿರುಗಿಸಿ ಆರ್ಮೇಚರ್ ಒಡೆಯುತ್ತದೆ. ಜೀಪಿನಲ್ಲಾದರೆ ಇಳಿದು ಬಾನೆಟ್ ಎತ್ತಬಹುದು. ಆದ್ದರಿಂದ ದುರಸ್ತಿಗೆ ಮನ್ನಣೆ ಪಡೆದ ಕಾರ್ಯಾಗಾರವೇ ಬೇಕು.

ಪ್ರಶ್ನೆ: ಮೊದಲು ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರಂತೆ. ಈಗಲೂ ಮಾಡಬಹುದೇ?
— ಇನ್ನೊಬ್ಬ ಓದುಗರು

ಉತ್ತರ: ಮಾಡುತ್ತಿದ್ದರು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್ ವಿಮಾನ 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿತು. ಅದರ ಕಾಂಟಿನೆಂಟಲ್ ಸಿ90-8ಎಫ್ ಸ್ಟಾರ್ಟರ್ ಇಲ್ಲದ ಎಂಜಿನ್. ಆದರೆ ಅಲ್ಲಿ ಕಾಕ್‌ಪಿಟ್‌ನಲ್ಲಿ ಪೈಲಟ್, ಚಕ್ರಕ್ಕೆ ಅಡ್ಡಗಟ್ಟೆ, ತಿರುಗಿಸುವವನಿಗೆ ತರಬೇತಿ ಎಲ್ಲ ಇತ್ತು. ಕೀಲಿ ಆಫ್ ಇದ್ದರೂ ಮ್ಯಾಗ್ನೆಟೋದ ಅರ್ತಿಂಗ್ ವೈರು ತುಂಡಾಗಿದ್ದರೆ ಕೈಯಲ್ಲಿ ತಿರುಗಿಸಿದಾಗ ಎಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಸೆಲ್ಫ್ ಹೋದ ದಿನ ಸೆಸ್ನಾದ ಪ್ರೊಪೆಲ್ಲರಿಗೆ ಕೈ ಹಾಕಬೇಡಿ. ಹಾರಾಟ ರದ್ದು ಮಾಡಿ ಎಂಜಿನಿಯರನ್ನು ಕರೆಯಿರಿ.