ಹೆಂಚು ಕೈಯಾಡಿಸಿ, ಮನೆ ಉಳಿಸಿಕೊಳ್ಳಿ

ತಾಳವಾಡಿ ಬೆಟ್ಟದ ಮಕ್ಕಳೇ, ನಿಮ್ಮಲ್ಲಿ ಎಷ್ಟೋ ಮಂದಿ ಈಗ ಬೆಂಗಳೂರು, ಕೊಯಮತ್ತೂರು, ತಿರುಪ್ಪೂರುಗಳಲ್ಲಿ ದುಡಿಯುತ್ತಿದ್ದೀರಿ. ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಊರಿನ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಬೇಕು ಅನ್ನಿಸುವುದು ಸಹಜ. ಅನುಕೂಲ ಬೇಡವೆಂದು ನಾನು ಹೇಳಲಾರೆ. ಆದರೆ ಹಳೆಯ ಮನೆ ವಯಸ್ಸಾಯಿತೆಂದು ಬೀಳುವುದು ಕಡಿಮೆ, ನೋಡುವವರಿಲ್ಲದೆ ಬೀಳುವುದೇ ಹೆಚ್ಚು. ಈ ಮಾತು ಮನಸ್ಸಿನಲ್ಲಿರಲಿ.

ಮಗಳ ಮನೆಗೆಂದು ಸಿಂಗಪುರಕ್ಕೆ ಹೋಗಿದ್ದಾಗ ಚೈನಾಟೌನ್, ಲಿಟಲ್ ಇಂಡಿಯಾ ಬೀದಿಗಳಲ್ಲಿ ನಿಧಾನವಾಗಿ ಓಡಾಡಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಗಳ ಮುಂದೆ ಬೀದಿಯುದ್ದಕ್ಕೂ ನಮ್ಮ ಜಗಲಿಯ ಹಾಗೆ ಐದಡಿ ಅಗಲದ ಮಾಡಿನ ದಾರಿ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಹಾಕಿಸಿದ ನಗರ ಯೋಜನೆಯಲ್ಲೇ ಅದು ಕಡ್ಡಾಯವಾಗಿತ್ತು. ಅಂಗೈಯಗಲದ ಆ ದೇಶ ಇಂಥ ಎಷ್ಟೋ ಸಾಲುಗಳನ್ನು ಮೊದಲು ಕೆಡವಿತು. 1989ರಲ್ಲಿ ಎಚ್ಚೆತ್ತು ಈ ಬೀದಿಗಳನ್ನು ಸಂರಕ್ಷಿತವೆಂದು ಸಾರಿತು. ಇಂದು 7,000ಕ್ಕೂ ಹೆಚ್ಚು ಕಟ್ಟಡಗಳಿಗೆ ಆ ರಕ್ಷಣೆಯಿದೆ. ಮುಂಗೋಡೆ, ಮರದ ಕಿಟಕಿ, ಹೆಂಚಿನ ಮಾಡು ಹಳೆಯವು. ಒಳಗಿನ ವೈರು, ನಲ್ಲಿ, ಶೌಚಾಲಯ ಹೊಸವು. ಹಳತನ್ನು ಇಟ್ಟುಕೊಂಡೇ ಸುಖವಾಗಿ ಬದುಕಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಒಂದು ಕೊರತೆಯನ್ನೂ ಕಂಡೆ. ಅಲ್ಲಿದ್ದ ಬಹುಪಾಲು ಸಂಸಾರಗಳು ಸರ್ಕಾರಿ ಫ್ಲಾಟುಗಳಿಗೆ ಹೋಗಿಬಿಟ್ಟಿವೆ. ಗೋಡೆ ನಿಂತಿತು, ನೆರೆಹೊರೆ ಚದುರಿತು.

ಕಾಲಕ್ಕೆ ನೋಡಿಕೊಳ್ಳದಿದ್ದರೆ ಏನಾಗುತ್ತದೆಂದು ತಿಳಿಯಲು ನಮ್ಮ ಪಕ್ಕದ ಮೈಸೂರನ್ನೇ ನೋಡಿ. 2012ರ ಆಗಸ್ಟ್‌ನಲ್ಲಿ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲು ಉರುಳಿತು. ಆಮೇಲೆ ಶುರುವಾಯಿತು, ಕೆಡವಬೇಕೋ ಉಳಿಸಬೇಕೋ ಎಂಬ ವರ್ಷಗಟ್ಟಲೆಯ ವಾದ. ಕಾಲಕಾಲಕ್ಕೆ ಸೋರಿಕೆ ಮುಚ್ಚುತ್ತ ಬಂದರೆ ಕಟ್ಟಡ ಆ ವಾದದವರೆಗೆ ಹೋಗುವುದೇ ಇಲ್ಲ.

ಆದ್ದರಿಂದ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಿ. ಒಡೆದ ಒಂದು ಹೆಂಚಿನಿಂದ ಇಳಿದ ನೀರು ಮೊದಲು ರೀಪನ್ನು, ಆಮೇಲೆ ಜಂತೆಯನ್ನು, ಕೊನೆಗೆ ಗೋಡೆಯೊಳಗೆ ಕೂತಿರುವ ತೊಲೆಯ ತುದಿಯನ್ನು ತಿನ್ನುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಬೇಡಿ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕಿ ಮಣ್ಣನ್ನು ಸಡಿಲ ಮಾಡುತ್ತದೆ. ಗುಡಿಯ ಕಲ್ಲುಕಂಬಗಳಿಗೆ ಆಯಿಲ್ ಪೇಂಟ್ ಹೊಡೆಸುವುದೇ ಜೀರ್ಣೋದ್ಧಾರವೆಂದು ತಿಳಿಯಬೇಡಿ. ಗಾರೆ ಕೆಲಸ ಬಲ್ಲ ಮುದುಕರು ಇನ್ನೂ ಇದ್ದಾರೆ. ಅವರ ಜೊತೆ ನಿಂತು ಕೈಯಲ್ಲಿ ಕಲಿಯಿರಿ.

ಇನ್ನೊಂದು ಮಾತು. ಗೋಡೆ ನಿಂತರಷ್ಟೇ ಸಾಲದು, ಜನವೂ ಇರಬೇಕು. ನಮ್ಮ ಗುಮಟಾಪುರದ ಗೊರೆ ಹಬ್ಬಕ್ಕೆ ಊರು ಬಿಟ್ಟವರೂ ದೀಪಾವಳಿಯ ಮಾರನೆಯ ದಿನ ಹಿಂದಿರುಗುತ್ತಾರೆ. ಬೀರೇಶ್ವರನ ಗುಡಿಯ ಬಳಿ ಸಗಣಿ ರಾಶಿ ಹಾಕಿ, ಒಬ್ಬರ ಮೇಲೊಬ್ಬರು ಎರಚಾಡಿ ನಲಿಯುತ್ತಾರೆ. ಜನ ಹೀಗೆ ಬಂದು ಸೇರುವ ಜಾಗ ಹಾಳು ಬೀಳುವುದಿಲ್ಲ. ಭಾಷೆಯೂ ಹಾಗೆಯೇ. 1956ರಲ್ಲಿ ರಾಜ್ಯಗಳ ಗಡಿ ಗೀಚಿದಾಗ ನಾವು ಮದರಾಸಿನ ಕಡೆ ಉಳಿದೆವು. ಆದರೂ ಇಲ್ಲಿ ಕನ್ನಡ ಉಳಿದದ್ದು ಮನೆಮನೆಯಲ್ಲಿ ಆಡಿದ್ದರಿಂದ. ಮನೆಗೂ ಅದೇ ನಿಯಮ. ಬೀಗ ಹಾಕಿ ಹೋಗಬೇಡಿ. ವಾಸಕ್ಕೆ ಯಾರಿಗಾದರೂ ಕೊಡಿ, ಒಲೆ ಉರಿಯುತ್ತಿರಲಿ.

ಮಳೆಗೆ ಮುಂಚೆ ಒಮ್ಮೆ ಊರಿಗೆ ಬನ್ನಿ. ಏಣಿ ಹಾಕಿ ಮಾಡು ಹತ್ತಿ, ನಿಮ್ಮ ಕಣ್ಣಿಂದಲೇ ನೋಡಿ. ರಿಪೇರಿಗೆ ಏನು ಬೀಳುತ್ತದೆಂದು ಬಡಗಿಯನ್ನು ಕೇಳಿ. ಇಷ್ಟೆಲ್ಲ ಮಾಡಿದ ಮೇಲೂ ಮನೆ ನಿಲ್ಲದು ಅನ್ನಿಸಿದರೆ ಕೆಡವಿ. ಅದಕ್ಕೆ ಮುಂಚೆ ಬೇಡ.