ಗುತ್ತೇದಾರರ ಪಟ್ಟಿಯಲ್ಲಿ ಹುಡುಕುವುದು ಹೀಗೆ: ಬಳಿಚಕ್ರದ ಅಂಗಡಿಯವರಿಗೆ ಎಂಟು ಸೂತ್ರಗಳು

ಯಾದಗಿರಿ ಜಿಲ್ಲೆಯ ಬಳಿಚಕ್ರದಂಥ ಊರಲ್ಲಿ ಸಿಮೆಂಟ್, ಪೈಪು, ಬೀದಿದೀಪ ಮಾರುವವರು ಸರ್ಕಾರಕ್ಕೆ ಮಾಲು ಹಾಕಬೇಕೆಂದರೆ ಮೊದಲು ಕೇಳುವುದು, “ಸಾಹೇಬ್ರು ಯಾರ ಮಾತ ಕೇಳ್ತಾರ್ರಿ?” ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈಗ ಮಾಲು ಹಾಕುತ್ತಿರುವವರು ಯಾರು? ಅವರ ದಾಖಲೆ ನೆಟ್ಟಗಿದೆಯೇ? ನಮ್ಮದು? ಇದಕ್ಕೆ ಉತ್ತರ ಬಹುಮಟ್ಟಿಗೆ ಮೊಬೈಲಿನಲ್ಲೇ ಸಿಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ.

1. ಯಾವ ಪಟ್ಟಿ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ರಾಜ್ಯದ ಇಲಾಖೆಗಳ ಟೆಂಡರ್‌ಗಳು ಈಗ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತವೆ. ಕೇಂದ್ರದ ಖರೀದಿ 2016ರಲ್ಲಿ ಶುರುವಾದ ಜೆಮ್‌ನಲ್ಲಿ. ಪಂಚಾಯಿತಿಯ ಹಣಕಾಸು ಆಯೋಗದ ಅನುದಾನದ ಲೆಕ್ಕ 2020ರಿಂದ ಇ-ಗ್ರಾಮಸ್ವರಾಜ್‌ನಲ್ಲಿ. ಲೋಕೋಪಯೋಗಿ ಇಲಾಖೆಯ ದರ್ಜೆವಾರು ಗುತ್ತೇದಾರರ ನೋಂದಣಿಯೇ ಬೇರೆ. ಒಂದರಲ್ಲಿ ಹೆಸರಿದ್ದವರು ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ.

2. ಹೆಸರು ಬಿಡಿ, ನಂಬರ್ ಹಿಡಿಯಿರಿ. ‘ಬಸವೇಶ್ವರ ಟ್ರೇಡರ್ಸ್’ ಎಂದು ಹುಡುಕಿದರೆ ಜಿಲ್ಲೆಗೊಂದಿಷ್ಟು ಬಂದು ನಿಲ್ಲುತ್ತವೆ. ಜಿಎಸ್‌ಟಿ ನಂಬರ್ ಮಾತ್ರ ಒಬ್ಬರಿಗೇ ಸೇರಿದ್ದು. ಅದರ 15 ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಮೊದಲ ಎರಡು ಅಂಕಿ ರಾಜ್ಯದ್ದು: 29 ಇದ್ದರೆ ಕರ್ನಾಟಕ, 36 ಇದ್ದರೆ ತೆಲಂಗಾಣ. ಗಡಿ ಹತ್ತಿರವಿರುವ ನಮಗೆ ಈ ಎರಡೂ ಬಗೆಯ ಬಿಲ್ಲುಗಳು ಕೈಗೆ ಬರುತ್ತವೆ. ಮುಂದಿನ ಹತ್ತು ಅಕ್ಷರ ಮಾಲೀಕರ ಪ್ಯಾನ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ ‘ಪಿ’ ಆದರೆ ಒಬ್ಬ ವ್ಯಕ್ತಿ, ‘ಎಫ್’ ಆದರೆ ಪಾಲುದಾರಿಕೆ, ‘ಸಿ’ ಆದರೆ ಕಂಪನಿ. ಬೋರ್ಡಿನ ಮೇಲೆ ‘ಕಂಪನಿ’ ಎಂದು ಬರೆದು ಪ್ಯಾನ್‌ನಲ್ಲಿ ‘ಪಿ’ ಇದ್ದರೆ ತಪ್ಪೇನಲ್ಲ; ಆದರೆ ನೀವು ಉದ್ದರಿ ಕೊಡುತ್ತಿರುವುದು ಒಬ್ಬರ ಹೆಗಲಿಗೆ ಎಂದು ತಿಳಿದಿರಲಿ.

3. ಊರ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ಹುಡುಕಿ. ನಮ್ಮ ಭಾಗದವರು ಸೋಲುವುದು ಇಲ್ಲೇ. ದಾಖಲೆಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ, ಕಾಗುಣಿತ ಒಬ್ಬೊಬ್ಬರದು ಒಂದೊಂದು. ಯಾದಗಿರಿ ಒಂದು ಕಡೆ ‘ಯಾದಗಿರ್’, ಇನ್ನೊಂದು ಕಡೆ ‘ಯಾದ್ಗಿರಿ’. ಶಹಾಪುರ ‘ಶಾಹ್‌ಪುರ್’ ಆಗಿರಬಹುದು. ಸುರಪುರವಂತೂ ‘ಶೋರಾಪುರ್’ ಎಂಬ ಹಳೆಯ ಬರಹದಲ್ಲೇ ವಿಧಾನಸಭಾ ಕ್ಷೇತ್ರದ ಹೆಸರಾಗಿ ಉಳಿದಿದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಾಮಗಾರಿಗಳನ್ನು ಗುಲ್ಬರ್ಗಾ ಜಿಲ್ಲೆಯಡಿ ಹುಡುಕಬೇಕು. ಆ ಹೆಸರೂ 2014ರಲ್ಲಿ ಕಲಬುರಗಿ ಆಯಿತು. ಸಾಧ್ಯವಿದ್ದರೆ ಪಿನ್‌ಕೋಡ್ ಹಾಕಿ ಹುಡುಕಿ, ಅದಕ್ಕೆ ಕಾಗುಣಿತದ ಕಾಟವಿಲ್ಲ.

4. ಸ್ಥಿತಿ ನೋಡದೆ ಮುಂದೆ ಹೋಗಬೇಡಿ. ಜಿಎಸ್‌ಟಿ ಜಾಲತಾಣದಲ್ಲಿ ನಂಬರ್ ಹಾಕಿದರೆ ನೋಂದಣಿಯ ದಿನಾಂಕ, ಅಂಗಡಿಯ ವಿಳಾಸ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲವೂ ತೆರೆದುಕೊಳ್ಳುತ್ತದೆ. ರಿಟರ್ನ್ ಯಾವ ತಿಂಗಳವರೆಗೆ ಸಲ್ಲಿಸಿದ್ದಾರೆ ಎಂಬುದೂ ಕಾಣುತ್ತದೆ. ಆರು ತಿಂಗಳಿಂದ ರಿಟರ್ನ್ ಹಾಕದವರ ಕೈಕೆಳಗೆ ಉಪಗುತ್ತಿಗೆ ಹಿಡಿಯುವ ಮುನ್ನ ಹತ್ತು ಸಲ ಯೋಚಿಸಿ. ಮಾರುವವರು ಸಂಯೋಜನಾ (ಕಾಂಪೋಸಿಷನ್) ತೆರಿಗೆಯವರಾಗಿದ್ದರೆ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಬರೆದಿದ್ದರೆ ಆ ಬಿಲ್ಲು ಸರಿಯಲ್ಲ.

5. ಸೋತವರನ್ನೂ ಓದಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಬಂದದ್ದು 1999ರಲ್ಲಿ. ಟೆಂಡರ್ ಗೆದ್ದವರ ಹೆಸರು, ವಿಳಾಸದ ಜೊತೆಗೆ ಉಳಿದವರದು ತಿರಸ್ಕೃತವಾದ ಕಾರಣಗಳನ್ನೂ ಟೆಂಡರ್ ಬುಲೆಟಿನ್ ಅಧಿಕಾರಿಗೆ ತಿಳಿಸಬೇಕೆಂದು ಅದು ಹೇಳುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ನಾನು ಕಂಡಿಲ್ಲ. ದರ ಹೆಚ್ಚಾಗಿ ಸೋತರೋ, ಒಂದು ಪ್ರಮಾಣಪತ್ರ ಬಿಟ್ಟುಹೋಗಿ ಸೋತರೋ ಎಂಬುದನ್ನು ಬೇರೆ ಮಾಡಿ ಬರೆದಿಟ್ಟುಕೊಳ್ಳಿ.

6. ಮೀಸಲು ಕಾಮಗಾರಿಗಳನ್ನು ಪ್ರತ್ಯೇಕವಾಗಿ ಹುಡುಕಿ. ಪರಿಶಿಷ್ಟ ಜಾತಿಗೆ ಶೇ. 17.15, ಪರಿಶಿಷ್ಟ ಪಂಗಡಕ್ಕೆ ಶೇ. 6.95 ಮೀಸಲಿದೆ, ಕಾಮಗಾರಿಯ ಮಿತಿ 2023ರಲ್ಲಿ 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿತು. ಸುರಪುರದಂಥ ತಾಲ್ಲೂಕಿನ ಈ ಸಮುದಾಯಗಳ ಯುವಕರಿಗೆ ಇದು ದೊಡ್ಡ ಬಾಗಿಲು. ನೋಂದಣಿಯಲ್ಲಿ ವರ್ಗದ ಕಾಲಂ ತಪ್ಪಿದ್ದರೆ ಆ ಬಾಗಿಲು ತೆರೆಯುವುದಿಲ್ಲ.

7. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಗೆ ದುಡ್ಡು ಕೊಡಬೇಡಿ. 2020ರ ಜುಲೈ 1ರಿಂದ ಇದೆ, ಪೂರ್ತಿ ಉಚಿತ.

8. ವಾರಕ್ಕೊಮ್ಮೆ ನಿಮ್ಮನ್ನೇ ಹುಡುಕಿಕೊಳ್ಳಿ. ವಿಳಾಸ, ಬ್ಯಾಂಕ್ ಖಾತೆ, ಫೋನ್ ನಂಬರ್ ಎಲ್ಲ ಪಟ್ಟಿಯಲ್ಲೂ ಒಂದೇ ಇರಲಿ. 2.5 ಲಕ್ಷ ರೂಪಾಯಿ ಮೀರಿದ ಗುತ್ತಿಗೆಯ ಬಿಲ್ಲಿನಲ್ಲಿ ಸರ್ಕಾರಿ ಕಚೇರಿ ಶೇ. 2 ಜಿಎಸ್‌ಟಿ ಮುರಿದುಕೊಳ್ಳುತ್ತದೆ. ನಂಬರಿನಲ್ಲಿ ಒಂದು ಅಕ್ಷರ ತಪ್ಪಿದರೂ ಆ ಹಣ ನಿಮ್ಮ ಲೆಡ್ಜರ್‌ಗೆ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಜಮಾಬಂದಿ ದಿನ ವರ್ಷದ ಖರ್ಚಿನ ಪುಸ್ತಕ ಊರವರ ಮುಂದೆ ಬರುತ್ತದೆ. ಹುಡುಕಿ ಬರೆದುಕೊಂಡ ಪಟ್ಟಿ ಹಿಡಿದು ಅಲ್ಲಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕುಳಿತು, ಮರ್ಯಾದೆಯಿಂದ ಕೇಳಿ: “ಪಿಡಿಒ ಸಾಹೇಬ್ರ, ಈ ಬಿಲ್ಲಿನ ಜಿಎಸ್‌ಟಿ ನಂಬರ್ ಒಂದ್ಸಲ ಓದಿ ಹೇಳ್ರಿ.”