ವರ್ಷಾರಂಭದ ಕಾಲೇಜು ಬ್ಯಾಸ್ಕೆಟ್‌ಬಾಲ್: ಫಲಿತಾಂಶವನ್ನು ಮುಂಗಾಣುವ ಕ್ರಮ

ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ ಶಮನವಾಗಿ ಪಾಠಪ್ರವಚನಗಳು ಒಂದು ಹದಕ್ಕೆ ಬರುತ್ತಿದ್ದಂತೆಯೇ ನಮ್ಮ ಮೈಸೂರು ಸೀಮೆಯಲ್ಲಿ ಅಂತರ ಕಾಲೇಜು ಪಂದ್ಯಾವಳಿಗಳ ಋತು ಪ್ರಾರಂಭವಾಗುತ್ತದೆ. ಅದರ ನಡುವೆಯೇ ದಸರಾ ಕ್ರೀಡಾಕೂಟವೂ ಒದಗಿ ಬರುತ್ತದೆ. ಉಮ್ಮತ್ತೂರು, ಕುದೇರು, ಸಂತೇಮರಹಳ್ಳಿಗಳ ಮನೆಗಳಿಂದ ಚಾಮರಾಜನಗರಕ್ಕೋ ಮೈಸೂರಿಗೋ ಓದಲು ಹೋದ ಮಕ್ಕಳಲ್ಲಿ ಕೆಲವರು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸ್ಥಾನ ಪಡೆದಿರುವುದರಿಂದ, “ಈ ಸತಿ ಯಾರು ಗೆದ್ದಾರು?” ಎಂಬ ಪ್ರಶ್ನೆ ಊರಿನ ಜಗಲಿಗಳಲ್ಲಿಯೂ ಕೇಳಿಬರುವುದುಂಟು. ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಕಾಲೇಜಿನ ಹೆಸರನ್ನು ಮಾತ್ರ ಆಧರಿಸಿರುತ್ತದೆ: ಹೋದ ವರ್ಷ ಗೆದ್ದವರೇ ಈ ವರ್ಷವೂ ಗೆಲ್ಲುವರು, ನಗರದವರೇ ಗೆಲ್ಲುವರು, ದೊಡ್ಡ ಕಟ್ಟಡವುಳ್ಳವರೇ ಗೆಲ್ಲುವರು. ಹೆಸರನ್ನು ಬದಿಗಿರಿಸಿ ಆಟಗಾರರನ್ನು ನೋಡುವ, ಮತ್ತು ನೋಡಿದುದನ್ನು ನಿಶ್ಚಯವೆಂದು ಸಾರದೆ ಸಂಭವದ ಪ್ರಮಾಣವಾಗಿ ಹೇಳುವ ಕ್ರಮವೊಂದುಂಟು. ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲು, ಕೂಡಿ ಕಳೆಯುವಷ್ಟು ಗಣಿತ ಇದ್ದರೆ ಅದು ಯಾರಿಗಾದರೂ ಸಾಧ್ಯ.

ಋತುವಿನ ಆರಂಭದಲ್ಲಿ ಹೆಸರು ಎಷ್ಟರಮಟ್ಟಿಗೆ ಮೋಸಗೊಳಿಸಬಲ್ಲುದೆಂಬುದಕ್ಕೆ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮಹಾಕ್ಷೇತ್ರವಾದ ಅಮೆರಿಕದಲ್ಲಿಯೇ ಒಂದು ಪ್ರಸಿದ್ಧ ದೃಷ್ಟಾಂತವಿದೆ. 1982ರ ಡಿಸೆಂಬರ್ 23ರಂದು ಹವಾಯಿಯ ಹೊನೊಲುಲು ನಗರದಲ್ಲಿ, ಆಗ ದೇಶದಲ್ಲಿಯೇ ಪ್ರಥಮ ಶ್ರೇಯಾಂಕದಲ್ಲಿದ್ದ, ಏಳಡಿಯನ್ನು ಮೀರಿದ ಎತ್ತರದ ರಾಲ್ಫ್ ಸ್ಯಾಂಪ್ಸನ್ ಆಡುತ್ತಿದ್ದ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವನ್ನು ಶಾಮಿನಾಡ್ ಎಂಬ ಸಣ್ಣ ವಿದ್ಯಾಸಂಸ್ಥೆಯ ತಂಡವು 77–72ರಿಂದ ಸೋಲಿಸಿತು. ಆ ಗೆಲುವಿನ ಕೀರ್ತಿಯೇ ನಿಮಿತ್ತವಾಗಿ 1984ರಲ್ಲಿ ಮೌಯಿ ದ್ವೀಪದಲ್ಲಿ ಋತುವಿನ ಆರಂಭದ ಪಂದ್ಯಾವಳಿಯೊಂದು ಹುಟ್ಟಿ, ಮುಂದೆ ನವೆಂಬರ್ ತಿಂಗಳ ಅತ್ಯಂತ ಖ್ಯಾತ ಸ್ಪರ್ಧೆಗಳಲ್ಲೊಂದಾಗಿ ಬೆಳೆಯಿತು. ದೂರದ ಮಾತೇಕೆ? ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದರೆಂಬುದನ್ನು ಬಲ್ಲವರು, ಊರಿನ ಗಾತ್ರದಿಂದ ಆಟಗಾರರನ್ನು ಅಳೆಯಲಾರರು.

ಮೊದಲು ಡ್ರಾ ಪಟ್ಟಿ

ಯಾವ ತಂಡ ಬಲಿಷ್ಠವೆಂದು ವಿಚಾರಿಸುವುದಕ್ಕೆ ಮುನ್ನ ಪಂದ್ಯಾವಳಿಯ ರಚನೆಯನ್ನು ಅರಿಯಬೇಕು. ಪಂದ್ಯಗಳು ನೇರ ನಾಕೌಟ್ ರೀತಿಯಲ್ಲಿ ನಡೆಯುವುವೋ, ಲೀಗ್ ಕಂ ನಾಕೌಟ್ ರೀತಿಯಲ್ಲಿಯೋ, ಯಾವ ತಂಡಕ್ಕೆ ಮೊದಲ ಸುತ್ತಿನಲ್ಲಿ ಬೈ ದೊರೆತಿದೆ, ಒಂದೇ ದಿನದಲ್ಲಿ ಎರಡು ಪಂದ್ಯಗಳನ್ನು ಆಡಬೇಕಾದವರು ಯಾರು, ಇವೆಲ್ಲವನ್ನೂ ಡ್ರಾ ಪಟ್ಟಿಯೇ ತಿಳಿಸುತ್ತದೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಿದರೆ ಅದರ ಪ್ರತಿ ದೊರೆಯುವುದು ಕಷ್ಟವಲ್ಲ. ಲೀಗ್ ಹಂತವಿದ್ದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಗೆದ್ದವರಿಗೆ 2, ಸೋತವರಿಗೆ 1, ಆಡದೆ ಪಂದ್ಯವನ್ನು ಬಿಟ್ಟುಕೊಟ್ಟವರಿಗೆ ಸೊನ್ನೆ ಅಂಕ. ಎರಡು ತಂಡಗಳು ಸಮಾನವಾಗಿ ನಿಂತಲ್ಲಿ ಪರಸ್ಪರ ಆಡಿದ ಪಂದ್ಯದಲ್ಲಿ ಗೆದ್ದವರು ಮುಂದೆ ಹೋಗುತ್ತಾರೆ. ಪಟ್ಟಿಯ ಒಂದೇ ಅರ್ಧದಲ್ಲಿ ಮೂರು ಪ್ರಬಲ ತಂಡಗಳು ಸೇರಿಕೊಂಡಿದ್ದರೆ, ಇನ್ನೊಂದು ಅರ್ಧದಲ್ಲಿರುವ ಮಧ್ಯಮ ತಂಡವೊಂದು ಫೈನಲ್ ತಲುಪುವ ಸಂಭವವು ಆ ಮೂರರಲ್ಲಿ ಯಾವುದೊಂದಕ್ಕಿಂತಲೂ ಅಧಿಕವಾಗಬಹುದೆಂಬುದನ್ನು ಆಗಲೇ ಗುರುತಿಸಿಕೊಳ್ಳತಕ್ಕದ್ದು.

ಹೋದವರಾರು, ಉಳಿದವರಾರು

ಇದೇ ಇಡೀ ಕಾರ್ಯದ ಮರ್ಮಸ್ಥಾನವಾದುದರಿಂದ ಇಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲುವುದು ಅವಶ್ಯ. ಕ್ಲಬ್ಬಿನ ತಂಡವಾದರೆ ಅದೇ ಆಟಗಾರರು ಹತ್ತು ವರ್ಷ ಕೂಡಿ ಆಡಬಹುದು. ಕಾಲೇಜಿನ ತಂಡವಾದರೋ ಅಂತಿಮ ವರ್ಷದ ಪರೀಕ್ಷೆ ಮುಗಿಯುತ್ತಲೇ ತನ್ನ ಅನುಭವಸ್ಥರನ್ನು ಕಳೆದುಕೊಳ್ಳುತ್ತದೆ, ಮತ್ತು ಸಾಮಾನ್ಯವಾಗಿ ಕಳೆದುಕೊಳ್ಳುವುದು ಅವರಲ್ಲಿ ಉತ್ತಮರನ್ನೇ. ಆದುದರಿಂದ ಕಳೆದ ವರ್ಷದ ತಂಡದ ಹನ್ನೆರಡು ಹೆಸರುಗಳನ್ನು ಬರೆದು, ಪ್ರತಿಯೊಬ್ಬರೂ ಸರಾಸರಿ ಎಷ್ಟು ನಿಮಿಷ ಆಡಿದರೆಂದು ಅಂದಾಜಿಸಿ, ಈಗಲೂ ಕಾಲೇಜಿನಲ್ಲಿರುವವರ ಪಾಲು ಎಷ್ಟೆಂದು ನೋಡಬೇಕು. ನಲವತ್ತು ನಿಮಿಷಗಳ ಪಂದ್ಯದಲ್ಲಿ ಐವರಂತೆ ಒಟ್ಟು 200 ಆಟಗಾರ-ನಿಮಿಷಗಳು. ಅವುಗಳಲ್ಲಿ 100 ನಿಮಿಷ ಆಡಿದವರು ಉಳಿದಿದ್ದರೆ ತಂಡದ ಅರ್ಧಾಂಶ ಉಳಿದಿದೆಯೆಂದು ಅರ್ಥ. ಚೆಂಡನ್ನು ಹೊತ್ತು ತರುವ ಪಾಯಿಂಟ್ ಗಾರ್ಡ್ ಹೋಗಿದ್ದರೆ ನಷ್ಟವು ಈ ಲೆಕ್ಕಕ್ಕಿಂತ ಹೆಚ್ಚೆಂದೇ ಎಣಿಸಬೇಕು, ಏಕೆಂದರೆ ಋತುವಿನ ಮೊದಲ ಪಂದ್ಯಗಳಲ್ಲಿ ಹೊಸ ಗಾರ್ಡ್ ಕಳೆದುಕೊಳ್ಳುವ ಚೆಂಡುಗಳೇ ಅನೇಕ ಸೋಲುಗಳ ಮೂಲ.

ಹೊಸದಾಗಿ ಬಂದವರ ವಿಷಯದಲ್ಲಿ ಕಾಗದದ ಮೇಲೆ ಏನೂ ಇರುವುದಿಲ್ಲ; ಅಲ್ಲಿ ಕಣ್ಣೇ ಪ್ರಮಾಣ. ಕ್ರೀಡಾ ಇಲಾಖೆಯ ವಸತಿನಿಲಯದಲ್ಲಿ ತರಬೇತಿ ಪಡೆದು ಬಂದವರು ಒಬ್ಬಿಬ್ಬರಿದ್ದರೂ ತಂಡದ ರೂಪವೇ ಬದಲಾಗುತ್ತದೆ. ನಮ್ಮ ಹಳ್ಳಿಗಳ ಮಕ್ಕಳಲ್ಲಿ ಬಹುಮಂದಿ ಬ್ಯಾಸ್ಕೆಟ್‌ಬಾಲ್ ಕೋರ್ಟನ್ನು ಮೊದಲು ಮೆಟ್ಟುವುದು ಕಾಲೇಜಿನಲ್ಲಿಯೇ. ಆದರೆ ವಾಲಿಬಾಲ್ ಬಲೆಯ ಬಳಿ ನೆಗೆದು ಅಭ್ಯಾಸವಿರುವ ಹುಡುಗನೂ ಖೋ ಖೋ ಆಡಿ ತಟ್ಟನೆ ದಿಕ್ಕು ಬದಲಿಸಬಲ್ಲ ಹುಡುಗಿಯೂ ಗುರಿಯಿಟ್ಟು ಎಸೆಯುವ ಕಲೆ ಇನ್ನೂ ಕೈಗೂಡದಿದ್ದಾಗಲೂ ರಿಬೌಂಡ್ ಹಿಡಿಯುವುದರಲ್ಲಿ, ಎದುರಾಳಿಯನ್ನು ತಡೆಯುವುದರಲ್ಲಿ ಮೊದಲ ವಾರದಿಂದಲೇ ಉಪಯುಕ್ತರಾಗುತ್ತಾರೆಂಬುದು ನನ್ನ ದೃಢವಾದ ಅಭಿಪ್ರಾಯ. ನಗರದ ಪ್ರೇಕ್ಷಕರು ಇಂತಹವರನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಅವರ ಅಂದಾಜು ತಪ್ಪಲು ಒಂದು ಮುಖ್ಯ ಕಾರಣ. ಪಂದ್ಯಾವಳಿಗೆ ಮುಂಚಿನ ವಾರ ಸಂಜೆಯ ಅಭ್ಯಾಸವನ್ನು ಒಮ್ಮೆಯಾದರೂ ನೋಡಿಬರುವುದು ಉಚಿತ.

ಚಾಮರಾಜನಗರ ವಿಶ್ವವಿದ್ಯಾಲಯವು 2023ರಲ್ಲಿ ಸ್ಥಾಪಿತವಾಗುವುದಕ್ಕೆ ಮುಂಚೆ, ಈ ಭಾಗದ ಪದವಿ ಕಾಲೇಜುಗಳು 1916ರಷ್ಟು ಹಿಂದೆಯೇ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಆಡುತ್ತಿದ್ದವು. ಎದುರಾಳಿಗಳ ಸಮೂಹವೇ ಬೇರೆಯಾದಾಗ ಹಳೆಯ ಗೆಲುವು ಸೋಲುಗಳ ಬೆಲೆಯೂ ಬೇರೆಯಾಗುತ್ತದೆ. ಹಳೆಯ ಫಲಕಗಳನ್ನು ನೋಡಿ ಹೇಳುವವರು ಇದನ್ನು ಮರೆಯಬಾರದು.

ಸ್ಕೋರ್ ಶೀಟನ್ನು ಓದುವ ಬಗೆ

ಒಂದು ತಂಡ 68 ಅಂಕ ಗಳಿಸಿತೆಂದರೆ ಅದರಿಂದ ತಿಳಿಯುವುದು ಅತ್ಯಲ್ಪ; ಚೆಂಡು ಎಷ್ಟು ಸಲ ಅದರ ವಶಕ್ಕೆ ಬಂದಾಗ ಅಷ್ಟು ಗಳಿಸಿತೆಂಬುದೇ ಸಾರ. ಈ ಸರದಿಗಳನ್ನು ಎಣಿಸಲು ಸರಳ ಸೂತ್ರವುಂಟು: ಬುಟ್ಟಿಯತ್ತ ಎಸೆದ ಒಟ್ಟು ಎಸೆತಗಳಿಂದ ತಾವೇ ಮರಳಿ ಹಿಡಿದ ರಿಬೌಂಡ್‌ಗಳನ್ನು ಕಳೆದು, ಕಳೆದುಕೊಂಡ ಚೆಂಡುಗಳನ್ನು ಕೂಡಿ, ಫ್ರೀ ಥ್ರೋಗಳ ಸಂಖ್ಯೆಯ 0.44 ಭಾಗವನ್ನು ಸೇರಿಸುವುದು. 62 ಎಸೆತ, 10 ರಿಬೌಂಡ್, 16 ಟರ್ನೋವರ್, 18 ಫ್ರೀ ಥ್ರೋ ಇದ್ದಲ್ಲಿ ಸರದಿಗಳು ಸುಮಾರು 76. 68 ಅಂಕಗಳೆಂದರೆ ನೂರು ಸರದಿಗೆ 89. ಅದೇ 68 ಅಂಕವನ್ನು 62 ಸರದಿಗಳಲ್ಲಿ ಗಳಿಸಿದ ನಿಧಾನಗತಿಯ ತಂಡವಾದರೆ ನೂರಕ್ಕೆ ಸುಮಾರು 110. ಅಂಕಫಲಕದಲ್ಲಿ ಸಮಾನವಾಗಿ ಕಂಡ ಈ ಎರಡು ತಂಡಗಳ ನಡುವೆ ಅಜಗಜಾಂತರವಿದೆ. ಅಧಿಕೃತ ಸ್ಕೋರ್ ಶೀಟಿನಲ್ಲಿ ಅಂಕಗಳೂ ಫೌಲ್‌ಗಳೂ ಇರುತ್ತವೆಯೇ ಹೊರತು ರಿಬೌಂಡ್, ಟರ್ನೋವರ್‌ಗಳು ಇರುವುದಿಲ್ಲವಾದ್ದರಿಂದ, ಪಕ್ಕದಲ್ಲಿ ಕುಳಿತು ಅವನ್ನು ಗೀಟು ಹಾಕಿ ಎಣಿಸಿಕೊಳ್ಳುವವರೊಬ್ಬರು ಬೇಕು.

ಅಮೆರಿಕದ ಡೀನ್ ಆಲಿವರ್ ಎಂಬ ವಿಶ್ಲೇಷಕರು ಗೆಲುವಿಗೆ ನಾಲ್ಕು ಕಾರಣಗಳನ್ನು ಪ್ರತ್ಯೇಕಿಸಿ, ಎಸೆತದ ನಿಖರತೆಗೆ ನೂರರಲ್ಲಿ 40, ಚೆಂಡನ್ನು ಕಳೆದುಕೊಳ್ಳದಿರುವುದಕ್ಕೆ 25, ರಿಬೌಂಡಿಗೆ 20, ಫ್ರೀ ಥ್ರೋಗೆ 15ರಂತೆ ಸ್ಥೂಲವಾಗಿ ತೂಕವನ್ನು ನಿಗದಿ ಮಾಡಿದ್ದಾರೆ. ಋತುವಿನ ಆರಂಭದ ಮಟ್ಟಿಗೆ ನಾನು ಎರಡನೆಯದಕ್ಕೂ ಮೂರನೆಯದಕ್ಕೂ ಹೆಚ್ಚು ಬೆಲೆ ಕೊಡುವೆನು. ಒಂದು ದಿನ ಆರು ಮೂರಂಕದ ಎಸೆತಗಳು ಬಿದ್ದುವೆಂಬ ಮಾತ್ರಕ್ಕೆ ಮರುದಿನವೂ ಅಷ್ಟೇ ಬೀಳುವುವೆಂಬ ಭರವಸೆಯಿಲ್ಲ. ಚೆಂಡನ್ನು ಜೋಪಾನವಾಗಿ ಸಾಗಿಸುವ ಅಭ್ಯಾಸವಾದರೋ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮಾಯವಾಗುವಂಥದಲ್ಲ.

ಹಳತು ಹೊಸತುಗಳ ಮಿಶ್ರಣ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕು, ಆದರೆ ತಂಡದ ಬಲವನ್ನು ಒಂದು ಪಂದ್ಯದಿಂದ ಅರಿಯಲಾಗದು. ಹಾಗೆಂದು ಆ ಒಂದು ಪಂದ್ಯವನ್ನು ತಿರಸ್ಕರಿಸುವುದೂ ತರವಲ್ಲ. ನಾನು ಅನುಸರಿಸುವ ಕ್ರಮ ಹೀಗಿದೆ. ಕಳೆದ ವರ್ಷ ತಂಡವು ಪಂದ್ಯವೊಂದಕ್ಕೆ ಸರಾಸರಿ 12 ಅಂಕಗಳ ಅಂತರದಿಂದ ಗೆದ್ದಿದ್ದು ಅರ್ಧ ತಂಡ ಮಾತ್ರ ಉಳಿದಿದ್ದರೆ, ಆ ಅಂತರವನ್ನು 6ಕ್ಕೆ ಇಳಿಸುವುದು. ಈ ಹಳೆಯ ಅಂದಾಜಿಗೆ ನಾಲ್ಕು ಪಂದ್ಯಗಳ ತೂಕ ಕೊಡುವುದು. ಈ ವರ್ಷ ಆಡಿದ ಏಕೈಕ ಪಂದ್ಯದಲ್ಲಿ 24 ಅಂಕಗಳಿಂದ ಗೆದ್ದಿದ್ದರೆ ಅದನ್ನು 20 ಎಂದೇ ಎಣಿಸುವುದು, ಏಕೆಂದರೆ ಫಲಿತಾಂಶ ನಿಶ್ಚಿತವಾದ ಮೇಲೆ ಬೆಂಚಿನವರು ಬೆಂಚಿನವರೆದುರು ಆಡಿ ಹೆಚ್ಚಿಸಿದ ಅಂತರಕ್ಕೆ ಅರ್ಥವಿಲ್ಲ. ನಾಲ್ಕು ಆರುಗಳು 24, ಅದಕ್ಕೆ 20 ಕೂಡಿದರೆ 44, ಐದರಿಂದ ಭಾಗಿಸಿದರೆ 8.8, ಇದು ಸಾಧಾರಣ ಎದುರಾಳಿಯ ಮೇಲೆ ಈ ತಂಡಕ್ಕಿರುವ ಮೇಲ್ಮೆ. ಎದುರಾಳಿಯ ಮೇಲ್ಮೆಯನ್ನೂ ಇದೇ ರೀತಿ ಎಣಿಸಿದಾಗ 3.3 ಬಂದರೆ ವ್ಯತ್ಯಾಸ 5.5. ಪಂದ್ಯ ಆತಿಥೇಯ ಕಾಲೇಜಿನ ಸ್ವಂತ ಅಂಗಣದಲ್ಲಿ ನಡೆಯುವುದಾದರೆ ಅವರಿಗೆ ಸುಮಾರು 3 ಅಂಕ ಸೇರಿಸುವುದು ವಾಡಿಕೆ.

ಅಂತರದಿಂದ ಸಂಭವಕ್ಕೆ

ನಲವತ್ತು ನಿಮಿಷಗಳ ಕಾಲೇಜು ಪಂದ್ಯಗಳಲ್ಲಿ ನಿಜವಾದ ಅಂತರವು ನಿರೀಕ್ಷಿತ ಅಂತರದಿಂದ ಆಚೀಚೆ ಸುಮಾರು 11 ಅಂಕಗಳಷ್ಟು ತೂಗಾಡುವುದೆಂದು ಅಮೆರಿಕದ ಗಣಕರು ಕಂಡುಕೊಂಡಿದ್ದಾರೆ. ಅದರ ಪ್ರಕಾರ 3 ಅಂಕಗಳ ಮೇಲ್ಮೆಯುಳ್ಳ ತಂಡ ನೂರರಲ್ಲಿ 61 ಸಲ, 5.5ರ ಮೇಲ್ಮೆಯುಳ್ಳದ್ದು 69 ಸಲ, 11ರ ಮೇಲ್ಮೆಯುಳ್ಳದ್ದು 84 ಸಲ ಗೆಲ್ಲಬೇಕು. ನಮ್ಮ ಪಂದ್ಯಗಳಲ್ಲಿ ತೂಗಾಟ ಇದಕ್ಕಿಂತ ಹೆಚ್ಚಿರುವುದೇ ಸಹಜವೆಂದು ಭಾವಿಸಿ, ಈ ಸಂಖ್ಯೆಗಳನ್ನು ಐವತ್ತರ ಕಡೆಗೆ ಒಂದೆರಡು ಸರಿಸಿಕೊಂಡರೆ ಒಳ್ಳೆಯದು.

ಈಗ ಎಂಟು ತಂಡಗಳ ನಾಕೌಟಿನಲ್ಲಿ ಎಲ್ಲರೂ ನೆಚ್ಚಿಕೊಂಡಿರುವ ತಂಡವೊಂದನ್ನು ತೆಗೆದುಕೊಳ್ಳೋಣ. ಕ್ವಾರ್ಟರ್ ಫೈನಲಿನಲ್ಲಿ ಅದರ ಸಂಭವ 84, ಸೆಮಿಫೈನಲಿನಲ್ಲಿ 69, ಫೈನಲಿನಲ್ಲಿ 61 ಎಂದಿಟ್ಟುಕೊಂಡು ಮೂರನ್ನೂ ಗುಣಿಸಿದರೆ ದೊರೆಯುವುದು ನೂರಕ್ಕೆ 35 ಮಾತ್ರ. ಪ್ರತಿಯೊಂದು ಪಂದ್ಯದಲ್ಲಿಯೂ ಮೇಲುಗೈಯುಳ್ಳ ತಂಡವು ಕೂಡ ಮೂರು ಪಂದ್ಯಾವಳಿಗಳಲ್ಲಿ ಒಂದನ್ನು ಗೆದ್ದು ಎರಡನ್ನು ಸೋಲುವುದು ನ್ಯಾಯವಾದ ನಿರೀಕ್ಷೆ! ನೆಚ್ಚಿನ ತಂಡ ಸೋತಾಗ ಮಕ್ಕಳನ್ನು ಹಳಿಯುವ ಹಿರಿಯರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕೆಂದು ನನ್ನ ಪ್ರಾರ್ಥನೆ. ಮತ್ತು ಈ ಲೆಕ್ಕವನ್ನು ಹಣದ ಪಣಕ್ಕೆ ಎಂದಿಗೂ ಒಡ್ಡಬಾರದು. ಅಲ್ಲಿ ಆಡುತ್ತಿರುವವರು ನಮ್ಮ ಮನೆಗಳ ಮಕ್ಕಳು.

ಅಂಗಣ, ಮಳೆ, ದಣಿವು

ಸಂಖ್ಯೆಗಳು ಸಿದ್ಧವಾದ ಮೇಲೆ ಸ್ಥಳದ ಪರಿಸ್ಥಿತಿಯನ್ನು ನೋಡಿ ಅಲ್ಪಸ್ವಲ್ಪ ತಿದ್ದಬಹುದು. ಬಯಲಿನ ಸಿಮೆಂಟು ಅಂಗಣವಾದರೆ ಗಾಳಿಯಿಂದ ದೂರದ ಎಸೆತಗಳು ಕೆಡುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಬಿದ್ದು ನೆಲ ತೇವವಾದರೆ ವೇಗದ ತಂಡದ ಅನುಕೂಲ ಕುಗ್ಗಿ, ಬುಟ್ಟಿಯ ಕೆಳಗೆ ಎತ್ತರದವರನ್ನುಳ್ಳ ತಂಡದ ಅನುಕೂಲ ಹೆಚ್ಚುತ್ತದೆ. ಐದು ಫೌಲ್ ಆದವರು ಹೊರನಡೆಯಬೇಕಾದ್ದರಿಂದ ಏಳೆಂಟು ಮಂದಿಯನ್ನು ಮಾತ್ರ ನೆಚ್ಚಿದ ತಂಡ ಎರಡನೆಯ ದಿನ ಕುಸಿಯುವುದುಂಟು. ಮೊದಲ ಬಸ್ಸು ಹತ್ತಿ ಬಂದು ಹತ್ತು ಗಂಟೆಗೇ ಕೋರ್ಟಿಗಿಳಿಯುವ ದೂರದ ಕಾಲೇಜಿನವರಿಗೆ ಮೊದಲ ಕ್ವಾರ್ಟರ್ ಕಠಿಣವಾಗಿರುತ್ತದೆ. ಆದರೆ ಇಂತಹ ತಿದ್ದುಪಡಿಗಳೆಲ್ಲ ಕೂಡಿ ಮೂರು ನಾಲ್ಕು ಅಂಕಗಳನ್ನು ಮೀರದಿರಲಿ. ಮೀರಿದರೆ ನಮ್ಮ ಇಷ್ಟವೇ ಲೆಕ್ಕದ ವೇಷದಲ್ಲಿ ಒಳಬಂದಿದೆಯೆಂದು ತಿಳಿಯಬೇಕು.

ಬರೆದಿಡುವುದು, ತಾಳೆ ನೋಡುವುದು

ಪ್ರತಿ ಪಂದ್ಯಕ್ಕೆ ಮುನ್ನ ಸಂಭವವನ್ನು ದಿನಾಂಕ ಸಹಿತ ಬರೆದಿಡಬೇಕು. ಬಾಯಿಮಾತಿನ ಭವಿಷ್ಯಕ್ಕೆ ಪಂದ್ಯ ಮುಗಿದ ಮೇಲೆ ಹೊಸ ಅರ್ಥಗಳು ಹುಟ್ಟಿಕೊಳ್ಳುತ್ತವೆ. ಹವಾಮಾನ ಮುನ್ಸೂಚನೆಗಳ ಯೋಗ್ಯತೆಯನ್ನು ಪರೀಕ್ಷಿಸಲು ಗ್ಲೆನ್ ಬ್ರೈಯರ್ ಎಂಬವರು 1950ರಲ್ಲಿ ಸೂಚಿಸಿದ ಅಳತೆಗೋಲು ಇಲ್ಲಿಯೂ ಸಲ್ಲುತ್ತದೆ. 0.7 ಎಂದು ಬರೆದ ತಂಡ ಗೆದ್ದರೆ ಕೊರತೆ 0.3, ಅದರ ವರ್ಗ 0.09, ಸೋತರೆ ಕೊರತೆ 0.7, ವರ್ಗ 0.49. ಎಲ್ಲ ಪಂದ್ಯಗಳ ವರ್ಗಗಳ ಸರಾಸರಿಯನ್ನು ತೆಗೆದು ನೋಡಿದಾಗ, ಪ್ರತಿ ಪಂದ್ಯಕ್ಕೂ ಕಣ್ಣು ಮುಚ್ಚಿ 0.5 ಎಂದು ಬರೆದವರಿಗೆ ದೊರೆಯುವ 0.25ಕ್ಕಿಂತ ನಿಮ್ಮದು ಕಡಿಮೆಯಿದ್ದರೆ ನಿಮ್ಮ ನೋಟದಲ್ಲಿ ಸತ್ತ್ವವಿದೆ. ಹೆಚ್ಚಿದ್ದರೆ ನೀವು ಯಾವ ಕಾಲೇಜಿನ ಪಂದ್ಯಗಳಲ್ಲಿ ಪದೇ ಪದೇ ತಪ್ಪಿದ್ದೀರೆಂದು ಹುಡುಕಿ, ಆ ತಂಡದಲ್ಲಿ ಉಳಿದವರ ಪಾಲನ್ನು ಮತ್ತೊಮ್ಮೆ ಎಣಿಸಿರಿ. ಹತ್ತು ಹನ್ನೆರಡು ಪಂದ್ಯಗಳಿಂದ ಈ ಸರಾಸರಿ ಸ್ಥಿರವಾಗದು. ಆದುದರಿಂದ ಪುರುಷರ, ಮಹಿಳೆಯರ ಪಂದ್ಯಗಳೆರಡನ್ನೂ ಅದೇ ಪುಸ್ತಕದಲ್ಲಿ ಬೇರೆ ಬೇರೆ ಪುಟಗಳಲ್ಲಿ ಬರೆದು, ಕೊನೆಯ ಪುಟದಲ್ಲಿ ಪ್ರತಿ ತಂಡದ ಅಂತಿಮ ವರ್ಷದವರ ಹೆಸರುಗಳನ್ನು ಈಗಲೇ ಗುರುತಿಸಿಡಿರಿ; ಬರುವ ವರ್ಷದ ಲೆಕ್ಕ ಆ ಹೆಸರುಗಳನ್ನು ಕಳೆಯುವುದರಿಂದಲೇ ಪ್ರಾರಂಭವಾಗಬೇಕು.